ಎಐಗೆ ಗುಂಟೆ ಲೆಕ್ಕ ಗೊತ್ತಿಲ್ಲ: ಕೋಡ್ ಬರೆಯುವ ಸಹಾಯಕನಿಂದ ನೀವು ಹೇಗೆ ಕೆಲಸ ಮಾಡಿಸುತ್ತೀರಿ?

ತೋಟದಂಚು, ಶಿರಸಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ದಯವಿಟ್ಟು ಓದಿ.

ನಾನು ಮನೆಯಲ್ಲೇ ಕೂತು ಸಾಫ್ಟ್‌ವೇರ್ ಕೆಲಸ ಮಾಡುವವನು. ಅರ್ಧ ಹೊತ್ತು ಹೊರಗಿನ ಗ್ರಾಹಕರ ಕೆಲಸ. ಇನ್ನರ್ಧ ಹೊತ್ತು ಸುತ್ತಮುತ್ತಲಿನ ತೋಟದವರಿಗೆ ಬೇಕಾದ ಸಣ್ಣಪುಟ್ಟ ಪ್ರೋಗ್ರಾಂ. ಎರಡು ವರ್ಷದಿಂದ ದಿನಾ ಎಐ ಸಹಾಯಕನ ಜೊತೆಗೇ ಕೆಲಸ. ಲಾಭ ಆಗಿದೆ, ಇಲ್ಲ ಎನ್ನುವುದಿಲ್ಲ. ಆದರೆ ಮಳೆಗಾಲ ಶುರುವಾಗುವ ಮೊದಲು ಒಂದು ಘಟನೆ ಆಯಿತು. ಅದಾದ ಮೇಲೆ ನಾನು ಕೆಲಸ ಹೇಳುವ ಕ್ರಮವೇ ಬದಲಾಗಿದೆ.

ಒಬ್ಬರಿಗೆ ಜಮೀನಿನ ಲೆಕ್ಕ ಇಡುವ ಆ್ಯಪ್ ಬೇಕಿತ್ತು. ಪಹಣಿ ನೋಡಿ ವಿಸ್ತೀರ್ಣ ತುಂಬಿದರೆ ಒಟ್ಟು ಎಷ್ಟು, ಎಕರೆಗೆ ಗೊಬ್ಬರ ಎಷ್ಟು ಎಂದು ತೋರಿಸಬೇಕು. ಅಷ್ಟೇ. ನಾನು ಸಹಾಯಕನಿಗೆ ಒಂದೇ ಸಾಲು ಹೇಳಿದೆ: ‘ಸರ್ವೆ ನಂಬರ್‌ವಾರು ವಿಸ್ತೀರ್ಣ ತೆಗೆದುಕೊಂಡು ಒಟ್ಟು ಮಾಡು.’ ಎರಡು ನಿಮಿಷದಲ್ಲಿ ಫಾರ್ಮ್, ಡೇಟಾಬೇಸ್, ಕೋಡ್ ಸರಿ ಇದೆಯಾ ಎಂದು ನೋಡುವ ಟೆಸ್ಟ್ ಎಲ್ಲ ತಯಾರು. ಟೆಸ್ಟ್ ಎಲ್ಲ ಪಾಸು. ಕೋಡ್ ಓದಲಿಕ್ಕೂ ಚೆಂದ ಇತ್ತು. ಕೊಟ್ಟೆ.

ಮೂರು ದಿನ ಬಿಟ್ಟು ಅವರ ಫೋನ್ ಬಂತು. ‘ತಮಾ, ನಮ್ಮ ಒಂದು ಎಕರೆ ಎಲ್ಲಿ ಹೋಯ್ತು?’

ಅವರದ್ದು ಮೂರು ತುಂಡು ಜಮೀನು. 2 ಎಕರೆ 10 ಗುಂಟೆ, 1 ಎಕರೆ 35 ಗುಂಟೆ, ಮತ್ತೆ 28 ಗುಂಟೆ. ಅವರು 2.10, 1.35, 0.28 ಎಂದು ತುಂಬಿದ್ದರು. ನಮ್ಮ ಕಡೆ ಸುಮಾರು ಜನ ಹಾಗೇ ಬರೆಯುತ್ತಾರೆ, ಅಲ್ವಾ? ಆ್ಯಪ್ ಅದನ್ನು ದಶಮಾಂಶ ಎಂದು ತಿಳಿದು 3.73 ಎಕರೆ ಎಂದು ತೋರಿಸಿತ್ತು. ಕೈಯಲ್ಲಿ ಕೂಡಿಸಿ ನೋಡಿ. ಗುಂಟೆ 73 ಆಗುತ್ತದೆ, ಅಂದರೆ 1 ಎಕರೆ 33 ಗುಂಟೆ. ಒಟ್ಟು 4 ಎಕರೆ 33 ಗುಂಟೆ. ಒಂದು ಎಕರೆಗೂ ಜಾಸ್ತಿ ಮಾಯವಾಗಿತ್ತು.

ಅದಕ್ಕಿಂತ ದೊಡ್ಡ ತೊಂದರೆ ಒಳಗೆ ಇತ್ತು. 2.10 ಎಂದು ತುಂಬಿದ್ದು ಡೇಟಾಬೇಸ್‌ನಲ್ಲಿ 2.1 ಆಗಿ ಕೂತಿತ್ತು. ಇನ್ನೊಬ್ಬರು 2 ಎಕರೆ 1 ಗುಂಟೆಗೆ 2.1 ಎಂದು ತುಂಬಿದ್ದರೆ ಅದೂ 2.1. ಯಾವುದು ಯಾವುದೆಂದು ಆಮೇಲೆ ಪತ್ತೆ ಹಚ್ಚಲಿಕ್ಕೆ ದಾರಿಯೇ ಇಲ್ಲ. ಎಲ್ಲರ ಪಹಣಿ ಮತ್ತೆ ತರಿಸಿ, ಒಂದೊಂದೇ ನೋಡಿ ತುಂಬಿದೆ. ಎರಡು ನಿಮಿಷದ ಕೆಲಸಕ್ಕೆ ನಾಲ್ಕು ದಿನ ಹೋಯಿತು.

ಟೆಸ್ಟ್ ಯಾಕೆ ಹಿಡಿಯಲಿಲ್ಲ? ಟೆಸ್ಟ್ ಬರೆದದ್ದೂ ಅದೇ ಸಹಾಯಕ. 1.5 ಮತ್ತು 2.5 ಕೂಡಿದರೆ 4 ಎಂದು ಬರೆದುಕೊಂಡಿತ್ತು. ಕೋಡಿನಲ್ಲಿದ್ದ ತಪ್ಪು ತಿಳಿವಳಿಕೆಯೇ ಟೆಸ್ಟಿನಲ್ಲೂ ಇತ್ತು. ಎರಡೂ ಒಂದಕ್ಕೊಂದು ಸರಿಯಾಗಿ ಹೊಂದಿದ್ದವು.

ಈಗ ಪ್ರತಿ ಪ್ರಾಜೆಕ್ಟಿನ ರೂಟ್ ಫೋಲ್ಡರ್‌ನಲ್ಲಿ ಒಂದು ಫೈಲ್ ಇಡುತ್ತೇನೆ. ‘ಏಜೆಂಟ್ಸ್ ಡಾಟ್ ಎಂಡಿ’ ಎಂಬ ಹೆಸರಿನ ಫೈಲನ್ನು ಈಗ ಬಹಳಷ್ಟು ಸಹಾಯಕಗಳು ತಾವಾಗಿಯೇ ಓದಿಕೊಳ್ಳುತ್ತವೆ. ಕೆಲಸ ಶುರು ಮಾಡುವ ಮೊದಲು ಇಪ್ಪತ್ತು ನಿಮಿಷ ಕೂತು ಅದನ್ನು ನಾನೇ ಬರೆಯುತ್ತೇನೆ. ಆ ಆ್ಯಪಿನ ಫೈಲಿನಿಂದ ನಾಲ್ಕು ಸಾಲು:

‘ವಿಸ್ತೀರ್ಣ ಎಕರೆ-ಗುಂಟೆ-ಆಣೆಯಲ್ಲಿ. 16 ಆಣೆಗೆ 1 ಗುಂಟೆ, 40 ಗುಂಟೆಗೆ 1 ಎಕರೆ. ದಶಮಾಂಶ ಎಲ್ಲೂ ಬೇಡ.
ಎಲ್ಲವನ್ನೂ ಆಣೆಗೆ ತಂದು ಪೂರ್ಣಾಂಕವಾಗಿ ಇಡು. 2-10 ಅಂದರೆ 1440 ಆಣೆ.
2-10, 1-35, 0-28 ಕೂಡಿದರೆ 4-33, ಅಂದರೆ 3088 ಆಣೆ. ಈ ಟೆಸ್ಟನ್ನು ಬದಲಾಯಿಸಬಾರದು.
ಬೆಟ್ಟೆ ಅಂದರೆ ಅಡಿಕೆಯ ಒಂದು ಬಗೆ. ಬೆಟ್ಟ ಅಂದರೆ ಸೊಪ್ಪಿನ ಜಾಗ. ಒಂದನ್ನು ಇನ್ನೊಂದಾಗಿ ತಿದ್ದಬೇಡ.’

ಕೊನೆಯ ಸಾಲಿಗೂ ಕಾರಣ ಇದೆ. ರಾಶಿ, ಚಾಲಿ, ಕೆಂಪುಗೋಟು ಎಂದು ಪಟ್ಟಿ ಕೊಟ್ಟಾಗ ‘ಬೆಟ್ಟೆ’ ಕಾಗುಣಿತದ ತಪ್ಪು ಎಂದು ಭಾವಿಸಿ ಅದು ‘ಬೆಟ್ಟ’ ಮಾಡಿತ್ತು. ಶಿರಸಿಯ ವ್ಯಾಪಾರಿಗೆ ಇದು ಎಷ್ಟು ದೊಡ್ಡ ವ್ಯತ್ಯಾಸ ಎಂದು ನಿಮಗೆ ಹೇಳಬೇಕಾಗಿಲ್ಲ.

ನಾನು ಕಂಡುಕೊಂಡದ್ದು ಇಷ್ಟು. ಕೋಡ್ ಬರೆಯುವುದು ಅದಕ್ಕೆ ಗೊತ್ತು. ನಮ್ಮ ಲೆಕ್ಕ, ನಮ್ಮ ಶಬ್ದ, ನಮ್ಮ ರೂಢಿ ನಾವು ಬರೆದು ಕೊಟ್ಟರೆ ಮಾತ್ರ ಗೊತ್ತು. ಸಮಯ ಉಳಿಯುವುದು ಆ ಇಪ್ಪತ್ತು ನಿಮಿಷದಲ್ಲಿ. ನಿಮ್ಮ ಅನುಭವ ಹೇಗಿದೆ?

ಉಪ್ಪುಗಾಳಿ, ಕಾರವಾರ

ಅಣ್ಣಾ, ನಿಮ್ಮ ಗುಂಟೆ ಕಥೆ ಓದಿ ನನ್ನ ಬಂಗಡೆ ಕಥೆ ನೆನಪಾಯಿತು.

ಬೈತಕೋಲದಲ್ಲಿ ಬೋಟಿನವರಿಗೆ ಮೀನಿನ ತೂಕ ಬರೆದುಕೊಳ್ಳುವ ಆ್ಯಪ್ ಮಾಡಿಕೊಟ್ಟಿದ್ದೆ. ಬೋಟು ಬೆಳಗಿನ ಜಾವ ಬರುತ್ತದೆ. ನಾಲ್ಕು ಗಂಟೆಗೆ ತೂಕ ಶುರುವಾದರೆ ಬೆಳಕು ಹರಿದ ಮೇಲೂ ನಡೆಯುತ್ತದೆ. ದಿನದ ಒಟ್ಟು ನೋಡಿ ಕೆಲಸದವರಿಗೆ ಪಾಲು ಹಂಚುತ್ತಾರೆ. ಒಂದು ವಾರ ಆದ ಮೇಲೆ ಮಾಲೀಕರು ಕರೆದು, ಒಟ್ಟು ದಿನಾ ತಪ್ಪು ಬರುತ್ತಿದೆ, ಒಂದು ದಿನ ಜಾಸ್ತಿ, ಮರುದಿನ ಕಡಿಮೆ ಎಂದರು.

ನಾನು ಸಹಾಯಕನಿಗೆ ‘ಒಟ್ಟು ತಪ್ಪು ಬರುತ್ತಿದೆ, ಸರಿ ಮಾಡು’ ಎಂದೆ. ಅದು ಕೂಡಿಸುವ ಫಂಕ್ಷನ್ ತಿದ್ದಿತು. ಸರಿ ಆಗಲಿಲ್ಲ. ‘ಇನ್ನೂ ತಪ್ಪು’ ಎಂದೆ. ಬೇರೆ ರೀತಿ ತಿದ್ದಿತು. ಮೂರನೇ ಸಲ ಡೇಟಾಬೇಸ್ ಕ್ವೆರಿಯನ್ನೇ ಬದಲಾಯಿಸಿತು. ಅರ್ಧ ದಿನ ಹೋಯಿತು. ಮೊದಲು ಸರಿ ಇದ್ದದ್ದೂ ಕೆಟ್ಟಿತು.

ಆಮೇಲೆ ಎಲ್ಲ ಹಿಂದಕ್ಕೆ ತಂದು, ಊಟ ಮಾಡಿ ಬಂದು, ತೂಕದ ಪುಸ್ತಕ ಎದುರಿಗೆ ಇಟ್ಟುಕೊಂಡೆ. ಎರಡೇ ಸಾಲು ಬರೆದೆ. ‘ಬೆಳಿಗ್ಗೆ 5:10ಕ್ಕೆ ತೂಗಿದ 42 ಕಿಲೋ ಇವತ್ತಿನ ಲೆಕ್ಕಕ್ಕೆ ಬರಬೇಕು, ನಿನ್ನೆಯದಕ್ಕೆ ಹೋಗಿದೆ. 5:50ಕ್ಕೆ ತೂಗಿದ 38 ಕಿಲೋ ಇವತ್ತಿನದಕ್ಕೇ ಬಂದಿದೆ. ಕೋಡ್ ಮುಟ್ಟಬೇಡ. ಕಾರಣ ಏನಿರಬಹುದು ಎಂದು ಮಾತ್ರ ಹೇಳು.’ ಒಂದೇ ಉತ್ತರದಲ್ಲಿ ಸಿಕ್ಕಿತು. ದಿನಾಂಕವನ್ನು ಯುಟಿಸಿ, ಅಂದರೆ ಜಾಗತಿಕ ಪ್ರಮಾಣ ಸಮಯದಿಂದ ತೆಗೆಯುತ್ತಿತ್ತು. ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಬೆಳಿಗ್ಗೆ 5:29ಕ್ಕೆ ತೂಗಿದ್ದು ಯುಟಿಸಿಯಲ್ಲಿ ಹಿಂದಿನ ದಿನದ ರಾತ್ರಿ 11:59. ಹಗಲು ಹೊತ್ತು ಅಂಗಡಿ ನಡೆಸುವವರಿಗೆ ಈ ತಪ್ಪು ಕಣ್ಣಿಗೇ ಬೀಳುವುದಿಲ್ಲ. ಬಂದರಿನಲ್ಲಿ ಅರ್ಧ ವ್ಯಾಪಾರ ಆ ಹೊತ್ತಿಗೇ ನಡೆಯುವುದು.

ಟೆಸ್ಟ್ ವಿಷಯದಲ್ಲಿ ನಿಮ್ಮ ಮಾತು ನೂರಕ್ಕೆ ನೂರು ನಿಜ. ಅದು ಬರೆದ ಟೆಸ್ಟಿನಲ್ಲೆಲ್ಲ ಸಮಯ ಮಧ್ಯಾಹ್ನ 12 ಗಂಟೆ ಇತ್ತು.

ಆಗಿನಿಂದ ದೂರು ಹೇಳುವುದನ್ನು ಬಿಟ್ಟಿದ್ದೇನೆ. ಏನು ಕೊಟ್ಟೆ, ಏನು ಬರಬೇಕಿತ್ತು, ಏನು ಬಂತು, ಈ ಮೂರು ಬರೆಯುತ್ತೇನೆ. ಮೊದಲು ಕಾರಣ ಕೇಳುತ್ತೇನೆ. ಕಾರಣ ನನಗೆ ಒಪ್ಪಿಗೆಯಾದ ಮೇಲೆ ತಿದ್ದಲು ಹೇಳುತ್ತೇನೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ನಿಷೇಧ ಇರುತ್ತದಲ್ಲ, ಆ 61 ದಿನ ನಮಗೆ ರಿಪೇರಿ ಕಾಲ. ಈ ಸಲ ಹಳೇ ಕೋಡನ್ನೆಲ್ಲ ಹೀಗೇ ಒಂದೊಂದಾಗಿ ನೋಡಿದೆ.

ಅಘನಾಶಿನಿ, ಕುಮಟಾ

ಇಬ್ಬರೂ ಚೆನ್ನಾಗಿ ಬರೆದಿದ್ದೀರಿ. ಆದರೆ ನನಗೆ ಒಂದು ಗಟ್ಟಿ ಪ್ರಶ್ನೆ ಇದೆ. ಇಷ್ಟೆಲ್ಲ ಮಾಡಿದ ಮೇಲೆ ನಿಜವಾಗಿ ಸಮಯ ಉಳಿಯುತ್ತದಾ?

ನಾನು ಈ ಕೆಲಸಕ್ಕೆ ಬಂದು ಹದಿನೆಂಟು ವರ್ಷ. ಈಗ ಮನೆಯಿಂದಲೇ ಕೆಲಸ. 2025ರ ಜುಲೈಯಲ್ಲಿ ಎಐಯನ್ನು ಪರೀಕ್ಷಿಸುವ ಮೀಟರ್ (METR) ಎಂಬ ಸಂಸ್ಥೆ ಒಂದು ಅಧ್ಯಯನ ಪ್ರಕಟಿಸಿತು. 16 ಮಂದಿ ಅನುಭವಿ ಓಪನ್ ಸೋರ್ಸ್ ಡೆವಲಪರ್‌ಗಳು, 246 ಕೆಲಸ. ಕೆಲವಕ್ಕೆ ಎಐ ಬಳಸಬಹುದು, ಕೆಲವಕ್ಕೆ ಬಳಸಬಾರದು. ಎಐ ಬಳಸಿದಾಗ ಅವರಿಗೆ 19 ಶೇಕಡಾ ಜಾಸ್ತಿ ಸಮಯ ಹಿಡಿಯಿತು. ಕೆಲಸ ಮುಗಿದ ಮೇಲೆ ಕೇಳಿದರೆ, ಸುಮಾರು 20 ಶೇಕಡಾ ಬೇಗ ಆಯಿತು ಎಂದೇ ಅವರು ನಂಬಿದ್ದರು.

ನನ್ನನ್ನು ಕಾಡುವುದು ಆ ನಂಬಿಕೆ. ಪರದೆ ಮೇಲೆ ಸಾಲುಗಳು ಸರಸರ ಬರುತ್ತಿದ್ದರೆ ಕೆಲಸ ಸಾಗುತ್ತಿದೆ ಎಂದೇ ಅನಿಸುತ್ತದೆ. ಓದಿದ ಸಮಯ, ತಿದ್ದಿದ ಸಮಯ, ಮತ್ತೆ ಕೇಳಿದ ಸಮಯ ಯಾರೂ ಲೆಕ್ಕ ಇಡುವುದಿಲ್ಲ. ನಾನು ಎರಡು ವಾರ ಗಡಿಯಾರ ನೋಡಿ ಬರೆದಿಟ್ಟೆ. ನನ್ನದೇ ಹಳೆಯ ಕೋಡಿನಲ್ಲಿ ಸಣ್ಣ ಬದಲಾವಣೆಗೆ ಸಹಾಯಕನನ್ನು ಕರೆದಾಗಲೆಲ್ಲ ನನಗೆ ನಷ್ಟವೇ ಆಗಿದೆ.

ತೋಟದಂಚು, ಶಿರಸಿ

ಸರ್, ನೀವು ಗಡಿಯಾರ ಇಟ್ಟು ನೋಡಿದ್ದು ಬಹಳ ಒಳ್ಳೆಯದು. ನಾನೂ ಶುರು ಮಾಡುತ್ತೇನೆ.

ಆ ಅಧ್ಯಯನ ನಾನೂ ಓದಿದ್ದೇನೆ. ಅಲ್ಲಿ ಕೆಲಸ ಮಾಡಿದವರು ಆ ಕೋಡನ್ನು ವರ್ಷಗಟ್ಟಲೆ ನೋಡಿಕೊಂಡವರು. ಒಂದೊಂದು ಪ್ರಾಜೆಕ್ಟೂ ಸರಾಸರಿ 10 ಲಕ್ಷ ಸಾಲಿಗೂ ದೊಡ್ಡದು. ಯಾವ ಸಾಲು ಎಲ್ಲಿದೆ ಎಂದು ತಲೆಯಲ್ಲೇ ಇರುವವರಿಗೆ, ಅದನ್ನು ಇನ್ನೊಬ್ಬರಿಗೆ ವಿವರಿಸುವಷ್ಟರಲ್ಲಿ ತಾವೇ ಬರೆದು ಮುಗಿಯುತ್ತದೆ. ಇನ್ನೊಂದು ಕಡೆ ಗಿಟ್‌ಹಬ್ ಕೋಪೈಲಟ್ ಎಂಬ ಕೋಡ್ ಸಹಾಯಕದವರ ಪ್ರಯೋಗವೂ ಇದೆ. ಜಾವಾಸ್ಕ್ರಿಪ್ಟಿನಲ್ಲಿ ಒಂದು ಎಚ್‌ಟಿಟಿಪಿ ಸರ್ವರ್ (ವೆಬ್ ಕೋರಿಕೆಗೆ ಉತ್ತರ ಕೊಡುವ ಪ್ರೋಗ್ರಾಂ) ಬರೆಯಲು ಕೊಟ್ಟಿದ್ದರು. ಎಐ ಇದ್ದವರು 55.8 ಶೇಕಡಾ ಬೇಗ ಮುಗಿಸಿದರು. ಅದು ಹೊಸ ಕೆಲಸ, ಸಣ್ಣ ಕೆಲಸ, ಎಲ್ಲರೂ ಸಾವಿರ ಸಲ ಬರೆದ ಕೆಲಸ.

ನನಗೆ ಎರಡೂ ನಿಜ ಅನಿಸುತ್ತದೆ. ಅಪ್ಪನ ಕಾಲದಿಂದ ನೋಡಿದ ತೋಟದಲ್ಲಿ ಯಾವ ಮರಕ್ಕೆ ಏನಾಗಿದೆ ಎಂದು ಕೇಳಲು ಹೊರಗಿನವರನ್ನು ಕರೆಯುತ್ತೇವಾ? ಇಲ್ಲ. ಹೊಸ ಪಂಪ್‌ಸೆಟ್ ಜೋಡಿಸಲು ಕರೆಯುತ್ತೇವೆ. ನಾನೂ ಹಾಗೇ ಮಾಡುತ್ತೇನೆ. ನನಗೆ ಪೂರ್ತಿ ಗೊತ್ತಿರುವ ಜಾಗದಲ್ಲಿ ಐದು ಸಾಲಿನ ಕೆಲಸ ಇದ್ದರೆ ಕೈಯಲ್ಲೇ ಬರೆಯುತ್ತೇನೆ. ಗೊತ್ತಿಲ್ಲದ ಲೈಬ್ರರಿ, ಹಳೇ ಎಕ್ಸೆಲ್ ಫೈಲಿನಿಂದ ಡೇಟಾ ತೆಗೆಯುವುದು, ಒಂದು ಸಲ ಓಡಿಸಿ ಬಿಸಾಡುವ ಸ್ಕ್ರಿಪ್ಟ್, ಬೇರೆಯವರು ಬರೆದ ಕೋಡ್ ಅರ್ಥ ಮಾಡಿಕೊಳ್ಳುವುದು, ಇವಕ್ಕೆ ಸಹಾಯಕ. ಬೇರೆಯವರ ಕೋಡ್ ಓದುವಾಗಂತೂ ಅದರಿಂದ ಬಹಳ ಉಪಕಾರ ಆಗಿದೆ.

ಇನ್ನೊಂದು. ಒಂದೇ ಚಾಟ್ ಬೆಳಿಗ್ಗೆಯಿಂದ ಸಂಜೆವರೆಗೆ ಎಳೆಯಬೇಡಿ. ಅದರ ಕಾಂಟೆಕ್ಸ್ಟ್ ವಿಂಡೋಗೆ, ಅಂದರೆ ಒಂದು ಸಲಕ್ಕೆ ಅದು ನೋಡಬಲ್ಲ ಪಠ್ಯಕ್ಕೆ, ಮಿತಿ ಇದೆ. ಬೆಳಿಗ್ಗೆ ಬಿಟ್ಟುಬಿಟ್ಟ ಯೋಚನೆ, ತಪ್ಪು ಪ್ರಯತ್ನ, ಹಳೇ ಎರರ್ ಎಲ್ಲ ಅದರೊಳಗೇ ಇರುತ್ತದೆ, ಸಂಜೆಯ ಉತ್ತರದಲ್ಲಿ ಮತ್ತೆ ತಲೆ ಎತ್ತುತ್ತದೆ. ಒಂದು ಕೆಲಸ ಮುಗಿದರೆ ಗಿಟ್‌ನಲ್ಲಿ ಕಮಿಟ್ ಮಾಡಿ, ಅಂದರೆ ಆ ಹಂತದ ಕೋಡನ್ನು ಉಳಿಸಿಟ್ಟು, ಹೊಸ ಚಾಟ್ ತೆರೆಯುತ್ತೇನೆ. ಎರಡು ಸಲ ಹೇಳಿಯೂ ದಾರಿಗೆ ಬರದಿದ್ದರೆ ಮೂರನೇ ಸಲ ಹೇಳುವುದಿಲ್ಲ. ಕಮಿಟ್‌ಗೆ ಹಿಂದಿರುಗಿ, ಪ್ರಶ್ನೆಯನ್ನೇ ಬೇರೆ ಬರೆಯುತ್ತೇನೆ.

ಕೊನೇ ಸೆಮಿಸ್ಟರ್, ಯಲ್ಲಾಪುರ

ಎಲ್ಲರಿಗೂ ನಮಸ್ಕಾರ. ನಾನು ಇಂಜಿನಿಯರಿಂಗ್ ಕೊನೇ ವರ್ಷದಲ್ಲಿ ಓದುತ್ತಿರುವವಳು. ನೀವೆಲ್ಲ ಕೋಡ್ ಬರೆಯಲು ಮೊದಲೇ ಕಲಿತವರು. ಸರಿ ಯಾವುದು ತಪ್ಪು ಯಾವುದು ನಿಮಗೆ ಕಾಣುತ್ತದೆ. ನನಗೆ ಕಾಣುವುದಿಲ್ಲ. ಪ್ರಾಜೆಕ್ಟ್ ಎಐ ಇಲ್ಲದೆ ಮಾಡಿದರೆ ಕ್ಲಾಸಿನಲ್ಲಿ ಹಿಂದೆ ಬೀಳುತ್ತೇನೆ. ಬಳಸಿದರೆ ವೈವಾದಲ್ಲಿ ನನ್ನದೇ ಕೋಡ್ ವಿವರಿಸಲು ಬರುವುದಿಲ್ಲ. ಏನು ಮಾಡಬೇಕು?

ಅಘನಾಶಿನಿ, ಕುಮಟಾ

ತಂಗಿ, ನೀನು ಕೇಳಿದ್ದು ಇಲ್ಲಿ ಬಂದ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ನಮ್ಮ ತಂಡದಲ್ಲಿ ಹೊಸಬರಿಗೆ ನಾನು ಹೇಳುವುದನ್ನೇ ಹೇಳುತ್ತೇನೆ.

ಮೊದಲು ಅರ್ಧ ಗಂಟೆ ನೀನೇ ಪ್ರಯತ್ನಿಸು. ಕಾಗದದ ಮೇಲಾದರೂ ಸರಿ. ಸಿಕ್ಕಿಹಾಕಿಕೊಂಡ ಜಾಗ ಯಾವುದೆಂದು ಗೊತ್ತಾದ ಮೇಲೆ ಕೇಳು. ‘ಬರೆದು ಕೊಡು’ ಎನ್ನಬೇಡ, ‘ನಾನು ಹೀಗೆ ಯೋಚಿಸಿದ್ದೇನೆ, ಎಲ್ಲಿ ತಪ್ಪಿದೆ’ ಎಂದು ಕೇಳು. ಉತ್ತರ ಬಂದ ಮೇಲೆ ಪುಟ ಮುಚ್ಚಿ ನೀನೇ ಟೈಪ್ ಮಾಡು. ಕಾಪಿ ಬೇಡ. ಟೈಪ್ ಮಾಡುವಾಗ ಕೈ ಎಲ್ಲಿ ನಿಲ್ಲುತ್ತದೋ ಅಲ್ಲಿ ನಿನಗೆ ಅರ್ಥವಾಗಿಲ್ಲ. ಆ ಸಾಲು ಯಾಕೆ ಬೇಕು, ತೆಗೆದರೆ ಏನಾಗುತ್ತದೆ ಎಂದು ತೆಗೆದೇ ನೋಡು.

ವೈವಾಕ್ಕೆ ಮೊದಲು ಸಹಾಯಕನನ್ನೇ ಪರೀಕ್ಷಕ ಮಾಡು. ನಿನ್ನ ಕೋಡ್ ಕೊಟ್ಟು, ಹತ್ತು ಪ್ರಶ್ನೆ ಕೇಳು, ಉತ್ತರ ಹೇಳಬೇಡ ಎನ್ನು. ಇದಕ್ಕೆ ಅದು ನಿಜವಾಗಿ ಒಳ್ಳೆಯದು. ನಾನು ಅನುಮಾನ ಪಡುವವನೇ ಆದರೂ ಇದನ್ನು ಒಪ್ಪುತ್ತೇನೆ.

ಇನ್ನೊಂದು ಎಚ್ಚರಿಕೆ. ಅದು ಹೇಳಿದ ಪ್ಯಾಕೇಜನ್ನು (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಕಣ್ಣು ಮುಚ್ಚಿ ಇನ್‌ಸ್ಟಾಲ್ ಮಾಡಬೇಡ. ಇಲ್ಲದ ಪ್ಯಾಕೇಜಿನ ಹೆಸರನ್ನೂ ಇದೆ ಎನ್ನುವ ಹಾಗೇ ಹೇಳುತ್ತದೆ. 16 ಎಐ ಮಾಡೆಲ್‌ಗಳಿಂದ 5,76,000 ಕೋಡ್ ಮಾದರಿ ಬರೆಸಿ ನೋಡಿದ ಒಂದು ಸಂಶೋಧನೆಯಲ್ಲಿ, ಸೂಚಿಸಿದ ಪ್ಯಾಕೇಜುಗಳಲ್ಲಿ ಸುಮಾರು ಐದರಲ್ಲಿ ಒಂದು ಇರಲೇ ಇಲ್ಲ. ಕೆಟ್ಟವರು ಅಂಥ ಹೆಸರಿನಲ್ಲೇ ವೈರಸ್ ತುಂಬಿದ ಪ್ಯಾಕೇಜ್ ಹಾಕಿ ಕಾಯಬಹುದು. ಪ್ಯಾಕೇಜು ಸಿಗುವ ಎನ್‌ಪಿಎಂ, ಪೈಪಿಐ ತಾಣಗಳ ಪುಟಕ್ಕೆ ಹೋಗಿ ಯಾವಾಗಿನಿಂದ ಇದೆ, ಎಷ್ಟು ಜನ ಬಳಸುತ್ತಾರೆ ಎಂದು ನೋಡು.

ಕೊನೇ ಸೆಮಿಸ್ಟರ್, ಯಲ್ಲಾಪುರ

ತುಂಬಾ ಥ್ಯಾಂಕ್ಸ್ ಸರ್. ಹತ್ತು ಪ್ರಶ್ನೆ ಇವತ್ತೇ ಕೇಳಿಸಿಕೊಂಡೆ. ನಾಲ್ಕಕ್ಕೆ ಮಾತ್ರ ಉತ್ತರ ಬಂತು. ಉಳಿದ ಆರನ್ನು ಈ ವಾರ ಓದುತ್ತೇನೆ.

ಶರಾವತಿ ದಂಡೆ, ಹೊನ್ನಾವರ

ನಾನು ಕನ್ನಡದಲ್ಲೇ ಡೇಟಾ ಇಡುವ ಕೆಲಸ ಮಾಡುತ್ತೇನೆ. ಗುಂಟೆಯ ಹಾಗೆ ಇಲ್ಲೂ ಒಂದು ಗುಂಡಿ ಇದೆ. ಕನ್ನಡ ಬಳಸುವ ಎಲ್ಲರಿಗೂ ಬೇಕಾಗುತ್ತದೆ, ಅದಕ್ಕೇ ಬಿಡಿಸಿ ಬರೆಯುತ್ತೇನೆ.

ನಮ್ಮ ಉತ್ತರ ಕನ್ನಡ ಜಿಲ್ಲೆಯ 12 ತಾಲೂಕುಗಳ ಪಟ್ಟಿಯಲ್ಲಿ ಹುಡುಕುವ ಸೌಲಭ್ಯ ಮಾಡಿದ್ದೆ. ಸಹಾಯಕನೇ ಬರೆದು ಕೊಟ್ಟಿತ್ತು. ಶಿರಸಿ ಹುಡುಕಿದರೆ ಬರುತ್ತದೆ. ಕುಮಟಾ ಬರುತ್ತದೆ. ಜೋಯಿಡಾ ಮಾತ್ರ ಕೆಲವು ದಾಖಲೆ ಬರುತ್ತದೆ, ಕೆಲವು ಬರುವುದಿಲ್ಲ. ಅಂಕೋಲಾ, ಹೊನ್ನಾವರಕ್ಕೂ ಹಾಗೇ. ಪರದೆ ಮೇಲೆ ನೋಡಿದರೆ ಎರಡು ಜೋಯಿಡಾಕ್ಕೂ ಏನೂ ವ್ಯತ್ಯಾಸ ಇಲ್ಲ.

ಕಂಪ್ಯೂಟರ್ ಅಕ್ಷರಗಳನ್ನು ಇಡುವ ಯೂನಿಕೋಡ್ ಪದ್ಧತಿಯಲ್ಲಿ ‘ಜೋ’ದ ಓತ್ವವನ್ನು ಎರಡು ರೀತಿ ಇಡಬಹುದು. ಒಂದೇ ಚಿಹ್ನೆಯಾಗಿ ಇಡಬಹುದು. ಇಲ್ಲವೇ ಎತ್ವ, ಊತ್ವ, ದೀರ್ಘ ಎಂದು ಮೂರು ಚಿಹ್ನೆಗಳಾಗಿ ಬಿಡಿಸಿ ಇಡಬಹುದು. ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ. ‘ಹೊ’ದಲ್ಲಿ ಎರಡು ಚಿಹ್ನೆ. ನಮ್ಮ ಹಳೇ ಫೈಲೊಂದು ಪರಿವರ್ತನೆ ಆಗಿ ಬರುವಾಗ ಬಿಡಿಸಿದ ರೂಪದಲ್ಲಿ ಬಂದಿತ್ತು. ಶಿರಸಿ, ಕುಮಟಾಗಳಲ್ಲಿ ಅಂಥ ಸ್ವರ ಇಲ್ಲ, ಅದಕ್ಕೇ ಸಿಕ್ಕುತ್ತಿದ್ದವು. ಸೇರಿಸುವಾಗಲೂ ಹುಡುಕುವಾಗಲೂ ಎಲ್ಲವನ್ನೂ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಚಿಹ್ನೆ ಕೂಡಿಸಿದ ಒಂದೇ ರೂಪಕ್ಕೆ, ತಂದರೆ ಮುಗಿಯಿತು. ಒಂದು ಸಾಲಿನ ಕೆಲಸ.

ವಿಶೇಷ ಏನೆಂದರೆ, ‘ಎನ್‌ಎಫ್‌ಸಿ ಮಾಡಬೇಕಾ’ ಎಂದು ಕೇಳಿದ ಕೂಡಲೇ ಸಹಾಯಕ ಪೂರ್ತಿ ವಿವರ ಕೊಟ್ಟಿತು. ಅದಕ್ಕೆ ಗೊತ್ತಿತ್ತು. ನಾನು ಕೇಳುವವರೆಗೆ ಹೇಳಲಿಲ್ಲ. ಈಗ ಪ್ರತಿ ಕೆಲಸದ ಮೊದಲು ಕೇಳುತ್ತೇನೆ: ‘ಇದರಲ್ಲಿ ಕನ್ನಡ ಪಠ್ಯ ಇರುತ್ತದೆ. ಇಂಗ್ಲಿಷಿಗೆ ಸರಿಯಾಗಿ, ಕನ್ನಡಕ್ಕೆ ತಪ್ಪಾಗುವ ಜಾಗ ಯಾವುದು?’ ಒಂದು ಸಲ ಈ ಪ್ರಶ್ನೆಯಿಂದಲೇ ಎಸ್‌ಎಂಎಸ್ ತಪ್ಪು ಹೊರಬಂತು. ಇಂಗ್ಲಿಷಿನಲ್ಲಿ ಒಂದು ಎಸ್‌ಎಂಎಸ್‌ಗೆ 160 ಅಕ್ಷರ. ಕನ್ನಡ ಬಂದರೆ 70 ಮಾತ್ರ, ಅದೂ ಸ್ವರಚಿಹ್ನೆ, ಒತ್ತು ಎಲ್ಲ ಸೇರಿ. ‘ಶಿರಸಿ’ ನಮ್ಮ ಕಣ್ಣಿಗೆ ಮೂರಕ್ಷರ, ಅಲ್ಲಿ ಐದು. ಕೋಡ್ 160ಕ್ಕೆ ಕತ್ತರಿಸುತ್ತಿತ್ತು. ಹಾಗೇ ಹೋಗಿದ್ದರೆ ಒಂದೊಂದು ಸಂದೇಶಕ್ಕೂ ಮೂರು ಎಸ್‌ಎಂಎಸ್ ದುಡ್ಡು ಬೀಳುತ್ತಿತ್ತು.

ಮಲೆಮಳೆ, ಸಿದ್ದಾಪುರ

ನಮ್ಮಲ್ಲಿ ಆಷಾಢದಲ್ಲಿ ಕರೆಂಟೂ ನೆಟ್‌ವರ್ಕೂ ಒಟ್ಟಿಗೇ ಹೋಗುತ್ತವೆ. ಮರ ಬಿದ್ದರೆ ಎರಡು ದಿನ ಕೇಳಬೇಡಿ. ಅದಕ್ಕೆ ಲ್ಯಾಪ್‌ಟಾಪಿನಲ್ಲೇ ಓಡುವ ಸಣ್ಣ ಎಐ ಮಾಡೆಲ್ ಇಟ್ಟುಕೊಂಡಿದ್ದೇನೆ. ಏಳು ಬಿಲಿಯನ್ ಪ್ಯಾರಾಮೀಟರ್ (ಮಾಡೆಲಿನ ಒಳಗಿನ ಸಂಖ್ಯೆಗಳು) ಇರುವ ಮಾಡೆಲನ್ನು ಒಂದೊಂದು ಸಂಖ್ಯೆಗೆ 4 ಬಿಟ್‌ಗೆ ಇಳಿಸಿದರೆ ಸುಮಾರು 4 ಜಿಬಿ ಆಗುತ್ತದೆ. 16 ಜಿಬಿ ರ‍್ಯಾಮ್ ಇದ್ದರೆ ಸಾಕು, ನಿಧಾನ ಅಷ್ಟೇ. ರೆಗ್ಯುಲರ್ ಎಕ್ಸ್‌ಪ್ರೆಶನ್ (ಪಠ್ಯದಲ್ಲಿ ಹುಡುಕುವ ಮಾದರಿ), ಎಸ್‌ಕ್ಯೂಎಲ್ (ಡೇಟಾಬೇಸ್‌ಗೆ ಪ್ರಶ್ನೆ ಬರೆಯುವ ಭಾಷೆ), ಒಂದು ಫಂಕ್ಷನ್ ವಿವರಣೆ, ಇಷ್ಟಕ್ಕೆ ತೊಂದರೆ ಇಲ್ಲ. ಹತ್ತು ಫೈಲಿನಲ್ಲಿ ಹರಡಿದ ಬದಲಾವಣೆಗೆ ಅದನ್ನು ನಂಬಬೇಡಿ.

ಇದರಲ್ಲಿ ಇನ್ನೊಂದು ಅನುಕೂಲ ಇದೆ. ಡೇಟಾ ಮನೆಯಿಂದ ಹೊರಗೆ ಹೋಗುವುದಿಲ್ಲ. ಒಬ್ಬರು ಎರರ್ ಹುಡುಕಲು ರೈತರ ಹೆಸರು, ಫೋನ್, ಆಧಾರ್, ಬ್ಯಾಂಕ್ ಖಾತೆ ಇದ್ದ ಎಕ್ಸೆಲನ್ನು ಹಾಗೇ ಚಾಟಿಗೆ ಹಾಕಿದ್ದನ್ನು ಕಣ್ಣಾರೆ ನೋಡಿದ್ದೇನೆ. ಹಾಗೆ ಮಾಡಬೇಡಿ. ನಮ್ಮನ್ನು ನಂಬಿ ಕೊಟ್ಟದ್ದು ಅದು. 2023ರಲ್ಲಿ ವೈಯಕ್ತಿಕ ಡೇಟಾ ರಕ್ಷಣೆಗೆ ಕಾಯ್ದೆಯೂ ಬಂದಿದೆ. ಸುಳ್ಳು ಹೆಸರಿನ ಐದು ಸಾಲು ನೀವೇ ಮಾಡಿ ಕೊಡಿ, ಎರರ್ ಅದರಲ್ಲೂ ಬರುತ್ತದೆ.

ಉಪ್ಪುಗಾಳಿ, ಕಾರವಾರ

ಶರಾವತಿ ದಂಡೆ ಅಕ್ಕಾ, ನಿಮ್ಮ ಓತ್ವದ ವಿಷಯ ಓದಿದ ಮೇಲೆ ಸಂಜೆ ನನ್ನ ಡೇಟಾಬೇಸ್ ತೆಗೆದು ನೋಡಿದೆ. ಬೋಟಿನ ಹೆಸರಿನಲ್ಲಿ ಹುಡುಕುವಾಗ ಎರಡು ಬೋಟು ಯಾವಾಗಲೂ ಸಿಗುತ್ತಿರಲಿಲ್ಲ. ಮಾಲೀಕರು ಕಾಗುಣಿತ ತಪ್ಪು ಹಾಕಿರಬೇಕು ಎಂದುಕೊಂಡಿದ್ದೆ. ಎರಡರ ಹೆಸರಿನಲ್ಲೂ ಓತ್ವ ಇದೆ. ಎನ್‌ಎಫ್‌ಸಿ ಮಾಡಿ ಮತ್ತೆ ಹುಡುಕಿದೆ, ಎರಡೂ ಬಂದವು.

ತೋಟದಂಚು ಅಣ್ಣಾ, ನಿಮ್ಮ ಆ ಫೈಲನ್ನು ಪೂರ್ತಿ ಇಲ್ಲಿ ಹಾಕಲು ಆಗುತ್ತದಾ?

ತೋಟದಂಚು, ಶಿರಸಿ

ಖಂಡಿತ. ನಾಳೆ ಗ್ರಾಹಕರ ವಿವರ ತೆಗೆದು ಹಾಕುತ್ತೇನೆ. ಯುಟಿಸಿ ಸಾಲು, ಎನ್‌ಎಫ್‌ಸಿ ಸಾಲು, 70 ಅಕ್ಷರದ ಸಾಲು ಮೂರನ್ನೂ ಈಗಷ್ಟೇ ಅದಕ್ಕೆ ಸೇರಿಸಿದೆ. ಯುಟಿಸಿ ಸಾಲಿನ ಪಕ್ಕದಲ್ಲಿ ಟೆಸ್ಟಿಗೆ ಸಮಯವನ್ನೂ ಬರೆದಿದ್ದೇನೆ: ಬೆಳಿಗ್ಗೆ 5:10, 42 ಕಿಲೋ ಬಂಗಡೆ.